ಹೊಸ ಕಂಪ್ಯೂಟರಿಗೆ ಆಫೀಸ್ 2007 ಹಾಕುವುದನ್ನು ನಿಲ್ಲಿಸುತ್ತಿದ್ದೇವೆ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳ 1ನೇ ತಾರೀಖಿನಿಂದ, ಇಂಟರ್ನೆಟ್ ಇರುವ ವಿಂಡೋಸ್ 11 ಕಂಪ್ಯೂಟರುಗಳಿಗೆ ಆಫೀಸ್ 2003 ಮತ್ತು 2007 ಹಾಕಿಕೊಡುವುದಿಲ್ಲ. ನೀವು ಕೊಂಡ ಸಿ.ಡಿ. ನಿಮ್ಮದೇ, ಅದರ ಮೇಲೆ ನಮ್ಮ ತಕರಾರಿಲ್ಲ. ವಿಂಡೋಸ್ 11ರಲ್ಲಿ ಆಫೀಸ್ 2007 ಸಾಮಾನ್ಯವಾಗಿ ತೆರೆದುಕೊಳ್ಳುತ್ತದೆ ಎನ್ನುವುದೂ ನಿಜ. ಆದರೆ 2017ರ ಅಕ್ಟೋಬರ್ 10ಕ್ಕೆ ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ ಮುಗಿದಿದೆ. ಸಿ.ಡಿ.ಯಿಂದ ಹಾಕಿದರೆ ಜೊತೆಗೆ ಬರುವ ಹಳೆಯ ಈಕ್ವೇಶನ್ ಎಡಿಟರ್‌ನಲ್ಲಿ (ಗಣಿತದ ಸೂತ್ರ ಬರೆಯುವ ಸಲಕರಣೆ) ಗಂಭೀರ ದೋಷವಿದೆ. ಮೈಕ್ರೋಸಾಫ್ಟ್ 2018ರ ಜನವರಿಯಲ್ಲಿ ಅದನ್ನು ಕಿತ್ತೇ ಹಾಕಿತು. ಮೇಲ್‌ನಲ್ಲಿ ಬಂದ ಒಂದು ಕಡತ ತೆರೆದರೆ ಸಾಕು, ಕಂಪ್ಯೂಟರು ಬೇರೆಯವರ ಕೈಗೆ ಹೋಗಬಹುದು. ಜನರ ಜಮೀನು ಪತ್ರ, ಸಂಘದ ಲೆಕ್ಕ ಇರುವ ಕಂಪ್ಯೂಟರಿಗೆ ಅದನ್ನು ಹಾಕಲು ನಮಗೆ ಮನಸ್ಸಿಲ್ಲ.

ಬದಲಿಗೆ ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಅಥವಾ ನೀವು ಕೊಂಡ ಹೊಸ ಆಫೀಸ್ ಹಾಕುತ್ತೇವೆ. ಹಳೆಯ ಮ್ಯಾಕ್ರೋ (ಕೆಲಸವನ್ನು ತಾನಾಗಿ ಮಾಡುವ ಸಣ್ಣ ಪ್ರೋಗ್ರಾಮ್) ಇರುವ ಎಕ್ಸೆಲ್ ಬಳಸುವವರು ಮೊದಲೇ ತಿಳಿಸಿ. ಈಗಿನ ಆಫೀಸ್ ತಾನಾಗಿ 64 ಬಿಟ್ ಆಗಿಯೇ ಕೂರುತ್ತದೆ. ವಿಂಡೋಸ್‌ನ ಒಳಗಿನ ಸೌಲಭ್ಯಗಳನ್ನು ನೇರವಾಗಿ ಕರೆಯುವ ಹಳೆಯ ಮ್ಯಾಕ್ರೋ ಅದರಲ್ಲಿ ನಡೆಯುವುದಿಲ್ಲ. ಅಂಥವರಿಗೆ 32 ಬಿಟ್ ಆವೃತ್ತಿ ಹಾಕಬೇಕು. ಆಫೀಸಿನ ದತ್ತಾಂಶ ತಂತ್ರಾಂಶವಾದ ಆ್ಯಕ್ಸೆಸ್‌ನ 97ರ ಆವೃತ್ತಿಯ ಕಡತಗಳನ್ನು 2013 ಮತ್ತು ಅದರ ನಂತರದ ಆ್ಯಕ್ಸೆಸ್ ತೆರೆಯುವುದೇ ಇಲ್ಲ. ಅವನ್ನು ಆ್ಯಕ್ಸೆಸ್ 2007ರಂಥ ಹಳೆಯ ಆವೃತ್ತಿ ಇರುವ ಹಳೆಯ ಕಂಪ್ಯೂಟರಿನಲ್ಲೇ ಮೊದಲು ಪರಿವರ್ತಿಸಬೇಕು. ಹಾಗಾಗಿ ಹಳೆಯದನ್ನು ಗುಜರಿಗೆ ಹಾಕುವ ಮುನ್ನ ನಮಗೊಂದು ಮಾತು ಹೇಳಿ.

ನಿಜವಾದ ತೊಡಕು ಕನ್ನಡದ ಕಡತಗಳದ್ದು. ಕನ್ನಡ ಬೆರಳಚ್ಚಿನ ತಂತ್ರಾಂಶವಾದ ‘ನುಡಿ’ಯ ಹಳೆಯ ಫಾಂಟುಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಹೊಸ ವರ್ಡ್ ಅದನ್ನು ಇಂಗ್ಲಿಷ್ ಎಂದೇ ತಿಳಿದು ವಾಕ್ಯದ ಮೊದಲ ಅಕ್ಷರವನ್ನು ಕ್ಯಾಪಿಟಲ್ ಮಾಡುತ್ತದೆ. ಆಗ ‘ಜಮೀನು’ ಎಂದು ಹೊಡೆದದ್ದು ‘ಆಮೀನು’ ಆಗುತ್ತದೆ, ಏಕೆಂದರೆ ಸಣ್ಣ ‘ಡಿ’ಯ ಜಾಗದಲ್ಲಿ ಜ, ದೊಡ್ಡ ‘ಡಿ’ಯ ಜಾಗದಲ್ಲಿ ಆ ಇದೆ. ಹಳೆಯ ಫಾಂಟಿನಲ್ಲೇ ಮುಂದುವರಿಯುವವರು ಫೈಲ್, ಆಪ್ಶನ್ಸ್, ಪ್ರೂಫಿಂಗ್, ಆಟೋಕರೆಕ್ಟ್ ಆಪ್ಶನ್ಸ್‌ಗೆ ಹೋಗಿ ಕ್ಯಾಪಿಟಲ್‌ಗೆ ಸಂಬಂಧಿಸಿದ ಎಲ್ಲ ಗುರುತುಗಳನ್ನು ತೆಗೆಯಿರಿ. ಕೀಲಿ ಒತ್ತಿದರೆ ಇಂಗ್ಲಿಷ್ ಅಕ್ಷರವೇ ಮೂಡಿದರೆ, ವರ್ಡ್ ಅಡ್ಮಿನಿಸ್ಟ್ರೇಟರ್ ಆಗಿ ತೆರೆದಿದೆಯೇ ನೋಡಿ. ನುಡಿ ಹಾಗೆ ತೆರೆದಿರದಿದ್ದರೆ ಅದರ ಕೀಲಿ ವರ್ಡ್‌ಗೆ ತಲುಪುವುದಿಲ್ಲ.

ಆದರೂ ಯೂನಿಕೋಡಿಗೆ, ಅಂದರೆ ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಕೇತವಿರುವ ವ್ಯವಸ್ಥೆಗೆ, ಬನ್ನಿ ಎಂದೇ ನಮ್ಮ ಸಲಹೆ. ಸದಸ್ಯರ ಪಟ್ಟಿ ಅಕಾರಾದಿಯಾಗಿ ಜೋಡಣೆಯಾಗುವುದು, ಹೆಸರು ಹುಡುಕಿದರೆ ಸಿಗುವುದು ಆಗಲೇ. ಬೆರಳಿನ ರೂಢಿ ತಪ್ಪುತ್ತದೆಂಬ ಅಂಜಿಕೆ ಬೇಡ. ವಿಂಡೋಸ್‌ನ ಇನ್‌ಸ್ಕ್ರಿಪ್ಟ್ ಕೀಲಿಮಣೆ ಬೇರೆ, ಆದರೆ ನುಡಿಯ ಯೂನಿಕೋಡ್ ಆವೃತ್ತಿಯಲ್ಲಿ ನೀವು ಬಲ್ಲ ವಿನ್ಯಾಸವೇ ಇದೆ.

ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಕೆಡುವುದು ಹೆಚ್ಚಾಗಿ ಎರಡು ಕಡೆ. ಒಂದೇ ಕಡತದಲ್ಲಿ ಇಂಗ್ಲಿಷೂ ಇದ್ದು ಇಡೀ ಕಡತವನ್ನು ಪರಿವರ್ತಕಕ್ಕೆ ಕೊಟ್ಟರೆ ಇಂಗ್ಲಿಷ್ ಹೆಸರು, ವಿಳಾಸಗಳೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಆದ್ದರಿಂದ ಫಾಂಟ್ ನೋಡಿ ನುಡಿಯ ಭಾಗವನ್ನಷ್ಟೇ ಪರಿವರ್ತಿಸುತ್ತೇವೆ. ಇನ್ನೊಂದು ಅರ್ಕಾವತ್ತು: ಹಳೆಯ ಸಂಕೇತದಲ್ಲಿ ಅದು ಅಕ್ಷರದ ನಂತರ, ಯೂನಿಕೋಡಿನಲ್ಲಿ ಮೊದಲು. ‘ಅರ್ಜಿ’, ‘ಕಾರ್ಯದರ್ಶಿ’ಯಂಥ ಪದಗಳನ್ನೂ ಸರ್ವೆ ನಂಬರು, ಮೊತ್ತಗಳನ್ನೂ ಮೂಲದ ಮುದ್ರಿತ ಪ್ರತಿಯೊಂದಿಗೆ ನೀವೇ ತಾಳೆ ನೋಡಬೇಕು. ಮೂಲ ಕಡತವನ್ನು ನಾವು ಮುಟ್ಟುವುದಿಲ್ಲ, ಹೊಸದನ್ನು ಬೇರೆ ಫೋಲ್ಡರಿನಲ್ಲಿ ಕೊಡುತ್ತೇವೆ.

ಬರುವಾಗ ಕಡತಗಳ ಪೂರ್ಣ ನಕಲು, ಬಳಸಿದ ಫಾಂಟುಗಳು, ಒಂದೆರಡು ಮುದ್ರಿತ ಪುಟ ತನ್ನಿ. ಹಳೆಯ ಲೆಕ್ಕದ ತಂತ್ರಾಂಶವಿದ್ದರೆ ಪ್ರೋಗ್ರಾಮ್ ಫೈಲ್ಸ್ ಫೋಲ್ಡರನ್ನಷ್ಟೇ ನಕಲಿಸಬೇಡಿ. ವಿಂಡೋಸ್ ಅದರ ದತ್ತಾಂಶವನ್ನು ನಿಮ್ಮ ಯೂಸರ್ ಫೋಲ್ಡರಿನ ಆ್ಯಪ್‌ಡೇಟಾ, ಲೋಕಲ್, ವರ್ಚುಅಲ್‌ಸ್ಟೋರ್ ಒಳಗೆ ಸದ್ದಿಲ್ಲದೆ ಬರೆದಿರಬಹುದು, ಈ ವರ್ಷದ ನಮೂದುಗಳೆಲ್ಲ ಅಲ್ಲಿರಬಹುದು. ಡಾಸ್ ಕಾಲದ 16 ಬಿಟ್ ತಂತ್ರಾಂಶ ವಿಂಡೋಸ್ 11ರಲ್ಲಿ ನೇರವಾಗಿ ನಡೆಯದು. ಅಂಥ ತಂತ್ರಾಂಶವಿರುವ ಹಳೆಯ ಕಂಪ್ಯೂಟರನ್ನು ಇಂಟರ್ನೆಟ್ ತಂತಿ ಕಳಚಿ ಹಾಗೆಯೇ ಇಟ್ಟುಕೊಳ್ಳಿ, ಅದರ ದುರಸ್ತಿಯನ್ನು ಎಂದಿನಂತೆ ಮಾಡಿಕೊಡುತ್ತೇವೆ.

ಇತಿ,
ಸೇವಾ ವಿಭಾಗ