ಅಪ್ಪನ ಚಪ್ಪಲಿ ಜಾರಿದ್ದನ್ನು ಕಂಡವರಿಗೆ

ಅಪ್ಪನ ತಲೆಯೊಳಗೆ ಕಟ್ಟಿಕೊಂಡಿದ್ದ ರಕ್ತ ಪೂರ್ತಿ ಕರಗಿದೆ ಎಂದು ಮೈಸೂರಿನ ವೈದ್ಯರು ಕಳೆದ ವಾರ ಸ್ಕ್ಯಾನ್ ನೋಡಿ ಹೇಳಿದರು. ಮಾರನೆಯ ಬೆಳಿಗ್ಗೆಯೇ ಅವರು ಕ್ಯಾನ್ ಹಿಡಿದು ಊರಿನ ಡೇರಿಗೆ ಹಾಲು ಹಾಕಲು ಹೋದರು. ಇಷ್ಟಕ್ಕೆ ಕಾರಣರಾದವರಿಗೆಲ್ಲ ನಮ್ಮ ಮನೆಯವರ ಪರವಾಗಿ ಕೈ ಮುಗಿಯುತ್ತೇನೆ. ಬರಿಯ ನಮಸ್ಕಾರ ಸಾಲದು. ಯಾರು ಏನನ್ನು ಗಮನಿಸಿದರು ಎಂಬುದನ್ನೂ ಬರೆಯುತ್ತೇನೆ. ಪಾಂಡವಪುರ, ಶ್ರೀರಂಗಪಟ್ಟಣ, ಮಂಡ್ಯದ ಎಷ್ಟೋ ಮನೆಗಳಲ್ಲಿ ರಕ್ತ ತೆಳು ಮಾಡುವ ಮಾತ್ರೆ ನುಂಗುವ ಹಿರಿಯರಿದ್ದಾರೆ. ಅವರ ಮನೆಯವರು ಇದನ್ನು ಓದಬೇಕೆಂಬುದು ನನ್ನ ಆಸೆ.

ಅಪ್ಪನಿಗೆ ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಹೃದಯದ ಕವಾಟವನ್ನು ಕೆಡಿಸಿತ್ತು. 2008ರಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಲೋಹದ ವಾಲ್ವ್ ಹಾಕಿದರು. ರಾತ್ರಿ ಮನೆಯೆಲ್ಲ ಮಲಗಿದ ಮೇಲೆ ಅದರ ಟಿಕ್ ಟಿಕ್ ಸದ್ದು ಹತ್ತಿರ ಕೂತವರಿಗೆ ಕೇಳಿಸುತ್ತದೆ. ಆ ವಾಲ್ವ್‌ನ ಮೇಲೆ ರಕ್ತ ಹೆಪ್ಪುಗಟ್ಟದಿರಲೆಂದು ಅಂದಿನಿಂದ ದಿನವೂ ಅಸಿಟ್ರೋಮ್ ಮಾತ್ರೆ. ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳನ್ನು ಯಕೃತ್ತು ವಿಟಮಿನ್ ಕೆ ಬಳಸಿ ತಯಾರಿಸುತ್ತದೆ. ಈ ಮಾತ್ರೆ ಅದಕ್ಕೆ ತಡೆ ಒಡ್ಡುತ್ತದೆ. ತಡೆ ಎಷ್ಟಿದೆ ಎಂದು ತಿಳಿಯಲು ಐಎನ್‌ಆರ್ ಪರೀಕ್ಷೆ. ಮಾತ್ರೆ ತೆಗೆದುಕೊಳ್ಳದ ಆರೋಗ್ಯವಂತರಲ್ಲಿ 1ರ ಆಸುಪಾಸಿನಲ್ಲಿರುವ ಈ ಅಂಕಿ ಅಪ್ಪನಿಗೆ 2.5ರಿಂದ 3.5ರೊಳಗೆ ಇರಬೇಕು. ಸೊಪ್ಪಿನಲ್ಲಿ ವಿಟಮಿನ್ ಕೆ ಹೆಚ್ಚು. ಹಾಗೆಂದು ಮಂಡ್ಯದ ಮನುಷ್ಯನಿಗೆ ಬಸ್ಸಾರು ಬಿಡಿ ಎಂದು ಯಾವ ವೈದ್ಯರೂ ಹೇಳಲಿಲ್ಲ. ಒಂದು ವಾರ ರಾಶಿ ಸೊಪ್ಪು, ಇನ್ನೊಂದು ವಾರ ಏನೂ ಇಲ್ಲ ಎಂದಾಗಬಾರದು, ಸದಾ ಒಂದೇ ಅಳತೆಯಲ್ಲಿರಲಿ ಎಂದರು. ಅವ್ವ ಅದನ್ನು ಅಂದಿನಿಂದ ಪಾಲಿಸಿಕೊಂಡು ಬಂದಿದ್ದಾಳೆ.

ಈ ಸಲದ ಕಬ್ಬು ಅರೆಯುವ ಕಾಲದಲ್ಲಿ ಆಲೆಮನೆಯ ತಗ್ಗು ತೊಲೆಗೆ ಅಪ್ಪನ ತಲೆ ತಗುಲಿತು. ರಕ್ತ ಬರಲಿಲ್ಲ, ಊತ ಬರಲಿಲ್ಲ, ಪ್ರಜ್ಞೆ ತಪ್ಪಲಿಲ್ಲ. ತಲೆ ಉಜ್ಜಿಕೊಂಡು ಕೆಲಸ ಮುಂದುವರಿಸಿದರು. ಕೆಲವು ವಾರಗಳ ಬಳಿಕ ಮೆದುಳಿನ ಹೊದಿಕೆಯ ಕೆಳಗೆ ಸೇರಿದ್ದ ರಕ್ತ ಆ ಏಟಿನದೇ ಎಂದು ವೈದ್ಯರು ಹೇಳಿದರು. ವಯಸ್ಸಾದಂತೆ ಮೆದುಳು ಸ್ವಲ್ಪ ಕುಗ್ಗುತ್ತದೆ. ಅದಕ್ಕೂ ಹೊದಿಕೆಗೂ ನಡುವೆ ಹಾಯುವ ಸಣ್ಣ ರಕ್ತನಾಳಗಳು ಬಿಗಿದು ನಿಲ್ಲುತ್ತವೆ. ಹರಿಯಲು ಸಣ್ಣ ಏಟೇ ಸಾಕು. ಬೇರೆಯವರಲ್ಲಿ ಬೇಗ ಮುಚ್ಚಿಕೊಳ್ಳಬಹುದಾದ ನಾಳ ಈ ಮಾತ್ರೆ ನುಂಗುವವರಲ್ಲಿ ಜಿನುಗುತ್ತಲೇ ಇರುತ್ತದೆ, ನಾಲೆಯ ಏರಿ ಒಳಗಿಂದೊಳಗೇ ಸೋರುವ ಹಾಗೆ.

ಮೊದಲ ನಮಸ್ಕಾರ ಅವ್ವನಿಗೆ. ಮನೆಯವಳಿಗೇ ಸಾರ್ವಜನಿಕವಾಗಿ ಕೃತಜ್ಞತೆ ಹೇಳುವುದೇ ಎಂದು ಅವಳು ಸಂಕೋಚಪಡಬಹುದು. ಆದರೆ ವೈದ್ಯರು ಕೇಳಿದ ಪ್ರಶ್ನೆಗಳಿಗೆ ಉತ್ತರ ಇದ್ದದ್ದು ಅವಳೊಬ್ಬಳ ಬಳಿ. ಹಗಲು ಮಲಗುವ ಅಭ್ಯಾಸವೇ ಇಲ್ಲದ ಅಪ್ಪ ಊಟವಾದ ಕೂಡಲೇ ಮಲಗತೊಡಗಿದ್ದು, ಬೆಳಿಗ್ಗೆ ಏಳುವಾಗ ಹಣೆ ಒತ್ತಿಕೊಳ್ಳುತ್ತಿದ್ದದ್ದು, ಹೊಟ್ಟೆ ಕೆಟ್ಟು ಮಾತ್ರೆ ತಂದಿದ್ದು, ಆ ದಿನಗಳಲ್ಲಿ ಮುದ್ದೆಯನ್ನು ಅರ್ಧಕ್ಕೇ ಬಿಟ್ಟಿದ್ದು, ಎಲ್ಲವನ್ನೂ ಅವಳು ಅನುಕ್ರಮವಾಗಿ ಹೇಳಿದಳು. ಆಲೆಮನೆಯ ತೊಲೆಯ ಸಂಗತಿ ನೆನಪಿದ್ದದ್ದೂ ಅವಳಿಗೇ.

ಎರಡನೆಯದಾಗಿ ನಮ್ಮೂರ ಡೇರಿಯ ಕಾರ್ಯದರ್ಶಿಯವರೇ, ನಿಮಗೆ. ಆ ಬೆಳಿಗ್ಗೆ ಸರದಿಯಲ್ಲಿ ನಿಂತಿದ್ದ ಅಪ್ಪನ ಬಲಗಾಲಿನ ಚಪ್ಪಲಿ ಜಾರಿ ಹಿಂದೆ ಉಳಿಯಿತು. ಅದು ಅವರಿಗೆ ತಿಳಿಯಲೇ ಇಲ್ಲ. ಬರಿಗಾಲಿನಲ್ಲೇ ಮುಂದೆ ನಡೆದರು. ಹಿಂದಿದ್ದವರು ಚಪ್ಪಲಿ ಎತ್ತಿಕೊಟ್ಟರು, ಹಾಕಿಕೊಂಡರು, ಮತ್ತೆ ಜಾರಿತು. ಹಾಲು ಅಳೆದಾದ ಮೇಲೆ ಫ್ಯಾಟ್ ಎಷ್ಟು ಬಂತು ಎಂದು ಕೇಳಿದರು. ನೀವು ಹೇಳಿದಿರಿ. ಚೀಟಿ ಕೈಯಲ್ಲಿ ಹಿಡಿದೇ ಅದನ್ನೇ ಇನ್ನೊಮ್ಮೆ ಕೇಳಿದರು. ಸರದಿ ಉದ್ದವಿತ್ತು, ಹಾಲು ಸಾಗಿಸುವ ವಾಹನ ಬರುವ ಹೊತ್ತಾಗಿತ್ತು. ನೀವು ಅಳತೆ ನಿಲ್ಲಿಸಿ, "ಮಾವ, ಇಲ್ಲಿ ಕೂತುಕೊಳ್ಳಿ" ಎಂದು ಅವರನ್ನು ಬೆಂಚಿನ ಮೇಲೆ ಕೂರಿಸಿದಿರಿ. ಒಬ್ಬನೇ ಕಳಿಸದೆ ಹುಡುಗನನ್ನು ಜೊತೆ ಮಾಡಿದಿರಿ. ನಮ್ಮ ಮನೆಗೆ ಫೋನ್ ಮಾಡಿ, "ಮಾವನ ಬಲಗಾಲು ಎಳೆಯುತ್ತಿದೆ, ಮಾತು ಹಿಂದುಮುಂದಾಗುತ್ತಿದೆ" ಎಂದಿರಿ. ನಿಮ್ಮ ಆ ಒಂದು ವಾಕ್ಯವನ್ನು ನನ್ನ ತಮ್ಮ ಆಸ್ಪತ್ರೆಯಲ್ಲಿ ಅಕ್ಷರಶಃ ಹೇಳಿದ. ಸ್ಕ್ಯಾನ್‌ನಲ್ಲಿ ರಕ್ತ ಕಂಡದ್ದು ಮೆದುಳಿನ ಎಡಗಡೆ. ಎಡ ಮೆದುಳು ನಡೆಸುವುದು ಬಲಗಾಲನ್ನು.

ಮೆಡಿಕಲ್ ಸ್ಟೋರ್‌ನ ಸಹೋದರಿಯೇ, ನಿಮ್ಮನ್ನು ನಾನಿನ್ನೂ ಮುಖತಃ ಕಂಡಿಲ್ಲ. ಆ ಹೊತ್ತಿಗೆ ನನ್ನ ತಮ್ಮ, ಅಪ್ಪನ ತಲೆನೋವಿಗೆ ಮಾತ್ರೆ ಕೇಳಲು ನಿಮ್ಮ ಅಂಗಡಿಯಲ್ಲಿದ್ದ. ಡೇರಿಯ ಸುದ್ದಿ ಅವ್ವನಿಂದ ಅವನಿಗೆ ಫೋನಿನಲ್ಲಿ ತಲುಪಿದ್ದು ಅಲ್ಲಿಯೇ. ಅವನ ಮಾತು ಕೇಳಿಸಿಕೊಂಡ ನೀವು, "ಅಣ್ಣಾ, ನಿಮ್ಮ ತಂದೆ ಅಸಿಟ್ರೋಮ್ ತೆಗೆದುಕೊಳ್ಳುವವರಲ್ಲವೇ? ಈಚೆಗೆ ತಲೆಗೆ ಏನಾದರೂ ತಗುಲಿತ್ತೇ?" ಎಂದು ಕೇಳಿದಿರಿ. ಯಾವ ನೋವಿನ ಮಾತ್ರೆಯನ್ನೂ ಕೊಡಲಿಲ್ಲ. ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫೆನಾಕ್ ಇಂಥ ಹೊತ್ತಿನಲ್ಲಿ ರಕ್ತಸ್ರಾವ ಹೆಚ್ಚಿಸುತ್ತವೆ, ತಡಮಾಡದೆ 108ಕ್ಕೆ ಫೋನ್ ಮಾಡಿ, ಸ್ಕ್ಯಾನ್ ಆಗಲೇಬೇಕು ಎಂದಿರಿ. ಮಾತ್ರೆಯ ಪಟ್ಟಿ ಮತ್ತು ಐಎನ್‌ಆರ್ ಪುಸ್ತಕ ಜೊತೆಗಿರಲಿ ಎಂದು ನೆನಪಿಸಿದಿರಿ. ಕೇಳಿದ್ದನ್ನು ಕೊಟ್ಟು ಹಣ ಎಣಿಸಿಕೊಳ್ಳಬಹುದಾಗಿದ್ದ ಗಳಿಗೆಯದು. ನಿಮ್ಮಂಥವರು ಪ್ರತಿ ಹೋಬಳಿಯಲ್ಲೂ ಇರಬೇಕು.

108ರಲ್ಲಿ ಬಂದ ಸಿಬ್ಬಂದಿ ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡಿದರು. ಸಕ್ಕರೆ ತೀರಾ ಇಳಿದರೂ ಮಾತು ತೊದಲಿ ಕೈಕಾಲು ಸೋಲುವುದುಂಟಂತೆ. ಆಮೇಲೆ ಎರಡೂ ತೋಳನ್ನು ಮುಂದೆ ಚಾಚಿ ಕಣ್ಣು ಮುಚ್ಚಲು ಹೇಳಿದರು. ಬಲಗೈ ತಾನಾಗಿ ಕೆಳಗಿಳಿಯಿತು. ಅವ್ವ ಕಾಫಿ ಲೋಟ ತಂದಿದ್ದಳು. ನುಂಗುವಾಗ ಶ್ವಾಸನಾಳಕ್ಕೆ ಹೋದೀತು, ಶಸ್ತ್ರಚಿಕಿತ್ಸೆಯೂ ಬೇಕಾದೀತು, ಏನೂ ಕೊಡಬೇಡಿ ಎಂದು ಅವರು ಮೃದುವಾಗಿ ತಡೆದರು. ಸ್ಕ್ಯಾನ್ ಮತ್ತು ಮೆದುಳಿನ ಶಸ್ತ್ರಚಿಕಿತ್ಸೆ ಎರಡೂ ಇರುವ ಕಡೆಗೇ ಹೋಗೋಣ ಎಂದು ಶ್ರೀರಂಗಪಟ್ಟಣ ದಾಟಿ ಮೈಸೂರಿಗೆ ಕರೆತಂದರು. ಮೈಸೂರಿನಲ್ಲಿ ಕೆಲಸ ಮಾಡುವ ನಾನು ಆಸ್ಪತ್ರೆಯ ಬಾಗಿಲಲ್ಲಿ ಕಾದಿದ್ದೆ. ಇಳಿಯುವಾಗಲೂ ಆ ಚಾಲಕರು ಅಪ್ಪನ ಕೈ ಬಿಟ್ಟಿರಲಿಲ್ಲ.

ಐಎನ್‌ಆರ್ 6 ದಾಟಿತ್ತು. ಹೊಟ್ಟೆಗೆಂದು ತೆಗೆದುಕೊಂಡ ಮೆಟ್ರೊನಿಡಜೋಲ್ ಅಸಿಟ್ರೋಮ್‌ನ ಬಲವನ್ನು ಏರಿಸುತ್ತದೆ, ಊಟ ಕಡಿಮೆಯಾದದ್ದೂ ಅದಕ್ಕೆ ಕೂಡಿಕೊಂಡಿದೆ ಎಂದು ವೈದ್ಯರು ವಿವರಿಸಿದರು. ಯಾವುದೇ ಕಾಯಿಲೆಗೆ ಹೊಸ ಔಷಧ ಶುರುವಾದರೆ ಐಎನ್‌ಆರ್ ಬೇಗನೆ ಪರೀಕ್ಷಿಸಬೇಕಂತೆ. ಅಂಥ ರಕ್ತದೊಂದಿಗೆ ತಲೆಗೆ ಕತ್ತಿ ತಾಗಿಸುವಂತಿಲ್ಲ. ರಕ್ತನಾಳಕ್ಕೆ ವಿಟಮಿನ್ ಕೆ ಕೊಟ್ಟರು. ಅದು ಕೆಲಸ ಮಾಡಲು ಗಂಟೆಗಳು ಬೇಕು. ಅಷ್ಟರಲ್ಲಿ ಹೆಪ್ಪುಗಟ್ಟಿಸುವ ಅಂಶಗಳನ್ನು ಒದಗಿಸಿದ್ದು ರಕ್ತನಿಧಿಯಿಂದ ಬಂದ ಪ್ಲಾಸ್ಮಾ. ಎಂದೋ ಯಾವುದೋ ಶಿಬಿರದಲ್ಲಿ ತೋಳು ಚಾಚಿ ಮಲಗಿದ ನೀವು ಯಾರೆಂದು ನಮಗೆ ಎಂದಿಗೂ ತಿಳಿಯುವುದಿಲ್ಲ. ನೀವು ಕೊಟ್ಟದ್ದು ಅಪ್ಪನ ಮೈಯಲ್ಲಿ ಹರಿಯಿತು. ನಮ್ಮ ಮನೆಯಲ್ಲಿ ರಕ್ತ ಕೊಡಬಲ್ಲವರೆಲ್ಲ ಈಗ ಹೆಸರು ಬರೆಸಿದ್ದೇವೆ.

ತಲೆಬುರುಡೆಯಲ್ಲಿ ಸಣ್ಣ ರಂಧ್ರಗಳನ್ನು ಕೊರೆದು ಹಳೆಯ ರಕ್ತವನ್ನು ತೊಳೆದು ತೆಗೆದ ಶಸ್ತ್ರಚಿಕಿತ್ಸಕರಿಗೆ, ರಾತ್ರಿಯಿಡೀ ಎಬ್ಬಿಸಿ "ಹೆಸರೇನು, ಇದು ಯಾವ ಊರು, ನನ್ನ ಬೆರಳು ಹಿಸುಕಿ" ಎಂದು ಕೇಳುತ್ತ ಕಣ್ಣಿಗೆ ಟಾರ್ಚ್ ಹಾಯಿಸಿ ನೋಡಿದ ನರ್ಸ್‌ಗಳಿಗೆ ನಮ್ಮ ನಮನ. ನಮ್ಮನ್ನು ಕೂರಿಸಿಕೊಂಡು ಪಾಠ ಹೇಳಿದ ಕಿರಿಯ ವೈದ್ಯೆಯನ್ನು ಬೇರೆಯಾಗಿಯೇ ನೆನೆಯಬೇಕು. ಅಪ್ಪನಿಗೆ ಬಂದದ್ದು ಮೆಲ್ಲಗೆ ತುಂಬಿದ ರಕ್ತ, ಎಲ್ಲರಿಗೂ ಇಷ್ಟು ಸಮಯ ಸಿಗುವುದಿಲ್ಲ ಎಂದು ಅವರು ಒತ್ತಿ ಹೇಳಿದರು. ಹಿಂದೆಂದೂ ಕಾಣದಂಥ ತಲೆನೋವು ಒಮ್ಮೆಗೇ ಎರಗಿದರೆ, ಅದರೊಡನೆ ವಾಂತಿಯಾದರೆ, ಬಾಯಿ ಒಂದು ಕಡೆ ಸೊಟ್ಟಗಾದರೆ, ಮಾತು ತೊದಲಿದರೆ ಅಥವಾ ಎದುರಿನವರ ಮಾತು ಅರ್ಥವಾಗದಿದ್ದರೆ, ಒಂದು ಪಕ್ಕದ ಕೈಕಾಲು ಸೋತರೆ, ಕಣ್ಣು ಮಂಜಾದರೆ, ಎರಡೆರಡು ಕಂಡರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಷ್ಟು ಮಂಪರಾದರೆ ಒಂದು ನಿಮಿಷವೂ ಕಾಯುವಂತಿಲ್ಲ. ಇವೆಲ್ಲ ಒಟ್ಟಿಗೇ ಬರಬೇಕೆಂದಿಲ್ಲ. ಲಕ್ಷಣ ಶುರುವಾದ ಹೊತ್ತು ಗುರುತಿಟ್ಟುಕೊಳ್ಳಬೇಕು. ಲಕ್ವ ಇರಬಹುದೆಂದು ಮನೆಯಲ್ಲಿ ಆಸ್ಪಿರಿನ್ ನುಂಗಿಸಲೇಬಾರದು. ರಕ್ತ ಕಟ್ಟಿದ್ದರಿಂದಲೋ ಸೋರಿದ್ದರಿಂದಲೋ ಎಂದು ಸ್ಕ್ಯಾನ್ ಇಲ್ಲದೆ ಹೇಳಲಾಗದು. ಈ ಮಾತ್ರೆಯವರ ತಲೆಗೆ ಜೋರು ಪೆಟ್ಟು ಬಿದ್ದರೆ, ಏನೂ ಆಗದವರಂತೆ ಎದ್ದು ಓಡಾಡಿದರೂ ಆಸ್ಪತ್ರೆಗೆ ತೋರಿಸಬೇಕು. ಸಣ್ಣ ಏಟಾದರೂ ವೈದ್ಯರಿಗೆ ಆ ದಿನವೇ ತಿಳಿಸಿ, ಕೆಲವು ವಾರ ಕಣ್ಣಿಟ್ಟಿರಬೇಕು.

ಅದೇ ವೈದ್ಯೆ, ಅಪ್ಪ ಹಸು ಸಾಕುವವರೆಂದು ತಿಳಿದು ಒಂದು ಚರಿತ್ರೆ ಹೇಳಿದರು. 1920ರ ದಶಕದಲ್ಲಿ ಅಮೆರಿಕ, ಕೆನಡಾಗಳಲ್ಲಿ ಬೂಷ್ಟು ಹಿಡಿದ ಒಂದು ಜಾತಿಯ ಒಣಮೇವು ತಿಂದ ದನಗಳು ರಕ್ತ ನಿಲ್ಲದೆ ಸತ್ತವು. ಆ ಮೇವಿನಲ್ಲಿದ್ದ ವಸ್ತುವನ್ನು ವಿಸ್ಕಾನ್ಸಿನ್‌ನ ಕಾರ್ಲ್ ಲಿಂಕ್ ಎಂಬ ರಸಾಯನಶಾಸ್ತ್ರಜ್ಞರ ಪ್ರಯೋಗಾಲಯ ಕಂಡುಹಿಡಿಯಿತು. ರಕ್ತ ತೆಳು ಮಾಡುವ ವಾರ್ಫರಿನ್ ಎಂಬ ಔಷಧ ಹುಟ್ಟಿದ್ದು ಆ ಸಂಶೋಧನೆಯಿಂದ. ಅಸಿಟ್ರೋಮ್ ಕೂಡ ಅದೇ ಕುಲದ್ದು. ಅಪ್ಪ ಹಾಸಿಗೆಯಲ್ಲಿ ಎದ್ದು ಕೂತು ಕೇಳಿದ್ದು ಅಂದೇ ಮೊದಲು.

ಅಪ್ಪನನ್ನು ನೋಡಲು ಬಂದವರಲ್ಲಿ ಹಲವರು, ಇನ್ನು ಆ ಮಾತ್ರೆಯನ್ನೇ ಬಿಸಾಡಿ ಎಂದರು. ಪ್ರೀತಿಯಿಂದ ಹೇಳಿದ ಮಾತೇ, ಆದರೆ ಅಪಾಯದ ಮಾತು. ಮಾತ್ರೆ ನಿಂತರೆ ಲೋಹದ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಿ ವಾಲ್ವ್ ಸಿಕ್ಕಿಕೊಳ್ಳಬಹುದು, ಹೆಪ್ಪು ಮೆದುಳಿಗೆ ಹೋಗಿ ಲಕ್ವವಾಗಬಹುದು. ಯಾವಾಗ ನಿಲ್ಲಿಸಬೇಕು, ಯಾವಾಗ ಮತ್ತೆ ಆರಂಭಿಸಬೇಕು ಎಂಬುದನ್ನು ಹೃದಯದ ವೈದ್ಯರೂ ಮೆದುಳಿನ ವೈದ್ಯರೂ ಕೂಡಿ ತೀರ್ಮಾನಿಸಿದರು. ಮೊದಲು, ಬೇಕೆಂದಾಗ ಬೇಗ ನಿಲ್ಲಿಸಬಹುದಾದ, ರಕ್ತ ತೆಳು ಮಾಡುವ ಹೆಪಾರಿನ್ ಎಂಬ ಚುಚ್ಚುಮದ್ದು ಕೊಟ್ಟು, ಸ್ಕ್ಯಾನ್ ನೋಡಿಕೊಂಡು ಮತ್ತೆ ಅಸಿಟ್ರೋಮ್‌ಗೆ ಬಂದರು. ಈಗ ಕೆಆರ್‌ಎಸ್ ರಸ್ತೆಯ ಜಯದೇವದಲ್ಲಿ ಐಎನ್‌ಆರ್ ನೋಡಿಸುತ್ತಿದ್ದೇವೆ. ಮಾತ್ರೆಯ ಹೆಸರು, ವಾಲ್ವ್ ವಿವರ, ಫೋನ್ ಸಂಖ್ಯೆ ಬರೆದ ಚೀಟಿ ಅಪ್ಪನ ಅಂಗಿಯ ಜೇಬಿನಲ್ಲಿದೆ. ಅದರದೊಂದು ನಕಲು ಡೇರಿಯ ಮೇಜಿನ ಗಾಜಿನಡಿ ಇದೆ.

ಪಕ್ಕದ ಮನೆಯ ಚಿಕ್ಕಪ್ಪ ಚಿಕ್ಕಮ್ಮ, ನಾವೆಲ್ಲ ಮೈಸೂರಿನಲ್ಲಿದ್ದಾಗ ಎರಡು ಹೊತ್ತೂ ನಮ್ಮ ಹಸುಗಳ ಹಾಲು ಕರೆದು, ಅಪ್ಪನ ಹೆಸರಿಗೇ ಡೇರಿಗೆ ಹಾಕಿ, ಬಟವಾಡೆಯ ಹಣವನ್ನು ಪೂರ್ತಿ ಅವ್ವನ ಕೈಗಿಟ್ಟಿರಿ. ಮೇವಿನ ಖರ್ಚು ಕೇಳಿದರೆ ಬೈದಿರಿ. ಬರುವ ಮಾಘದಲ್ಲಿ ನಿಮ್ಮ ಮಗಳ ಮದುವೆ ಇದೆ. ಚಪ್ಪರದ ಕೆಲಸದಿಂದ ಬೀಗರ ಊಟದವರೆಗೆ ನಾವು ನಿಮ್ಮ ಮನೆಯಲ್ಲೇ ಇರುತ್ತೇವೆ. ಅಪ್ಪನೂ ಬರುತ್ತಾರೆ, ಅವರನ್ನು ಏಣಿ ಹತ್ತಲು ಬಿಡಬೇಡಿ, ಬಂದವರನ್ನು ಮಾತಾಡಿಸಲು ಕೂರಿಸಿ.