ಫೋಲ್ಡರ್ ಕಾಣುತ್ತಿದೆ, ಒಳಗೆ ಕಡತ ಇದೆಯೇ?

ಮಾನ್ಯ ಸಂಪಾದಕರೇ,

ಲ್ಯಾಪ್‌ಟಾಪ್ ತುಂಬಿಹೋಗಿದ್ದರೆ ಒನ್‌ಡ್ರೈವ್ (ಕಡತಗಳನ್ನು ನೆಟ್‌ನಲ್ಲಿ ಇಟ್ಟುಕೊಳ್ಳುವ ಮೈಕ್ರೋಸಾಫ್ಟ್‌ನ ಸೇವೆ) ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಫ್ರೀ ಅಪ್ ಸ್ಪೇಸ್' ಒತ್ತಿ ಎಂಬ ಸಲಹೆ ಪತ್ರಿಕೆಗಳ ತಂತ್ರಜ್ಞಾನ ಅಂಕಣಗಳಲ್ಲಿ ಆಗಾಗ ಬರುತ್ತದೆ. ಸಲಹೆಯೇನೋ ಸರಿ. ಆದರೆ ಹಾಗೆ ಒತ್ತಿದ ಮೇಲೂ ಫೋಲ್ಡರ್ ಇದ್ದಲ್ಲೇ ಇರುತ್ತದೆ, ಕಡತಗಳ ಹೆಸರು, ತಾರೀಖು, ಗಾತ್ರ ಎಲ್ಲವೂ ಮೊದಲಿನಂತೆಯೇ ಕಾಣುತ್ತವೆ. ಒಳಗಿನ ಸರಕು ಮಾತ್ರ ಯಂತ್ರದಲ್ಲಿರುವುದಿಲ್ಲ, ನೆಟ್‌ನಾಚೆಯ ಮೈಕ್ರೋಸಾಫ್ಟ್ ಸರ್ವರ್‌ನಲ್ಲಿರುತ್ತದೆ; ತೆರೆಯಲು ನೆಟ್ ಬೇಕು. ಮಳೆಗಾಲದಲ್ಲಿ ಮಲೆನಾಡಿನ ಊರುಗಳಲ್ಲಿ ಕರೆಂಟ್ ಹೋಗಿ, ಅದರ ಬೆನ್ನಿಗೇ ಮೊಬೈಲ್ ಟವರೂ ಮಲಗಿದ ಮೇಲೆ ಇದು ಗೊತ್ತಾದರೆ ಮಾಡುವುದೇನೂ ಉಳಿದಿರುವುದಿಲ್ಲ.

ವಿಂಡೋಸ್‌ನಲ್ಲಿ ಹೆಸರನ್ನಷ್ಟೇ ಇಲ್ಲಿ ತೋರಿಸಿ ಕಡತವನ್ನು ಸರ್ವರ್‌ನಲ್ಲಿಡುವ ಈ ವ್ಯವಸ್ಥೆ ಈಗಿನ ರೂಪದಲ್ಲಿ ಬಂದದ್ದು 2017ರ ಅಕ್ಟೋಬರಿನಲ್ಲಿ. ಇದರ ಹಿಂದಿನ ಅವತಾರ ವಿಂಡೋಸ್ 8.1ರಲ್ಲಿತ್ತು. ಯಾವ ಕಡತ ಯಂತ್ರದಲ್ಲಿದೆ, ಯಾವುದು ಇಲ್ಲ ಎಂದು ಬಳಕೆದಾರರಿಗೆ ತಿಳಿಯುತ್ತಿಲ್ಲ ಎಂಬ ಕಾರಣಕ್ಕೆ ಮೈಕ್ರೋಸಾಫ್ಟ್ ಅದನ್ನು ವಿಂಡೋಸ್ 10ರಲ್ಲಿ ಕೈಬಿಟ್ಟಿತ್ತು. ಮರಳಿ ತಂದಾಗ ಮೂರು ಚಿಹ್ನೆ ಕೊಟ್ಟಿತು. ನೀಲಿ ಮೋಡವೆಂದರೆ ಕಡತ ಸರ್ವರ್‌ನಲ್ಲಿ ಮಾತ್ರ ಇದೆ. ಬಿಳಿ ವೃತ್ತದಲ್ಲಿ ಹಸಿರು ಟಿಕ್ ಎಂದರೆ ಸದ್ಯಕ್ಕೆ ಇಲ್ಲಿದೆ. ತುಂಬು ಹಸಿರು ವೃತ್ತದಲ್ಲಿ ಬಿಳಿ ಟಿಕ್ ಎಂದರೆ ಇಲ್ಲಿದೆ, ಇಲ್ಲೇ ಇರುತ್ತದೆ.

ಗೊಂದಲವೆಲ್ಲ ಆ ಎರಡು ಹಸಿರುಗಳ ನಡುವೆ. ಮೊದಲನೆಯದು ನೀವು ಒಮ್ಮೆ ತೆರೆದದ್ದರಿಂದ ಇಳಿದು ಕೂತ ಕಡತ, ಬಾಡಿಗೆ ಮನೆಯಲ್ಲಿದ್ದ ಹಾಗೆ. ತಾನಾಗಿ ಜಾಗ ತೆರವು ಮಾಡುವ ವಿಂಡೋಸ್‌ನ ಸೌಲಭ್ಯ 'ಸ್ಟೋರೇಜ್ ಸೆನ್ಸ್' ಚಾಲೂ ಇದ್ದು, ಅದರಲ್ಲಿ ಒನ್‌ಡ್ರೈವ್‌ಗೆ 14, 30 ಅಥವಾ 60 ದಿನ ಎಂದು ಆರಿಸಿದ್ದರೆ, ಅಷ್ಟು ದಿನ ಮುಟ್ಟದ ಕಡತವನ್ನು ವಿಂಡೋಸ್ ಸದ್ದಿಲ್ಲದೆ ಮತ್ತೆ ಮೋಡಕ್ಕೆ ಏರಿಸುತ್ತದೆ. ತುಂಬು ಹಸಿರಿನದನ್ನು ಮುಟ್ಟುವುದಿಲ್ಲ. ಹಾಗಾಗಿ ನೆಟ್ ಇಲ್ಲದಲ್ಲಿ ಬೇಕಾಗುವ ಫೋಲ್ಡರಿಗೆ 'ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್' ಒತ್ತಲೇಬೇಕು. ಒಂದೊಂದೇ ಕಡತಕ್ಕೆ ಒತ್ತುವುದಕ್ಕಿಂತ ಫೋಲ್ಡರಿಗೇ ಒತ್ತುವುದು ಲೇಸು: ನಾಳೆ ಇನ್ನೊಬ್ಬರು ಬೇರೆ ಯಂತ್ರದಿಂದ ಅದರೊಳಗೆ ಹಾಕಿದ್ದೂ ತಾನಾಗಿ ಇಳಿಯುತ್ತದೆ.

ಆದರೆ ಒತ್ತಿದ್ದು ನಮ್ಮ ಬಯಕೆ ಅಷ್ಟೆ. ಇಳಿಯಿತೇ ಎಂಬುದು ಬೇರೆ ಮಾತು. ಮೆನುವಿನಲ್ಲಿ ಟಿಕ್ ತಕ್ಷಣ ಬೀಳುತ್ತದೆ, ಕಡತಗಳು ಇಳಿಯಲು ಹೊತ್ತು ಬೇಕು. 4 ಜಿಬಿ ಫೋಲ್ಡರ್ 10 ಎಂಬಿಪಿಎಸ್ ಸಂಪರ್ಕದಲ್ಲಿ ಪೂರಾ ಇಳಿಯಲು ಸುಮಾರು 55 ನಿಮಿಷ ಹಿಡಿಯುತ್ತದೆ, ಅದೂ ವೇಗ ಒಂದೇ ಸಮ ಇದ್ದರೆ. ನಡುವೆ ಲ್ಯಾಪ್‌ಟಾಪ್ ಮುಚ್ಚಳ ಹಾಕಿದರೆ ಅದು ನಿದ್ರೆಗೆ ಜಾರಿ ಕೆಲಸ ಅಲ್ಲಿಗೇ ನಿಂತಿತು. ಮೊಬೈಲ್ ಹಾಟ್‌ಸ್ಪಾಟನ್ನು 'ಮೀಟರ್ಡ್' (ಡೇಟಾ ಮಿತವಾಗಿ ಬಳಸಬೇಕಾದ ಸಂಪರ್ಕ) ಎಂದು ಗುರುತಿಸಿದ್ದರೆ ಒನ್‌ಡ್ರೈವ್ ತಾನೇ ತಡೆದು ನಿಲ್ಲುತ್ತದೆ. ಬ್ಯಾಟರಿ ಸೇವರ್ ಚಾಲೂ ಆದಾಗಲೂ ಹಾಗೆಯೇ. ಗಡಿಯಾರದ ಪಕ್ಕದ ಮೋಡದ ಚಿಹ್ನೆ ಕ್ಲಿಕ್ಕಿಸಿ, ಸಿಂಕ್ (ಸರ್ವರ್ ಮತ್ತು ಯಂತ್ರದ ಕಡತಗಳನ್ನು ಸರಿಹೊಂದಿಸುವ ಕೆಲಸ) ನಿಂತಿದೆ ಎಂದು ಬರೆದಿದ್ದರೆ ಅಲ್ಲೇ ಮುಂದುವರಿಸಬಹುದು.

ಫೋಲ್ಡರಿನ ಚಿಹ್ನೆಯ ಕಷ್ಟವೇ ಬೇರೆ. ಕಡತವೊಂದು ಇರುತ್ತದೆ ಇಲ್ಲವೇ ಇರುವುದಿಲ್ಲ. ಫೋಲ್ಡರ್ ಹಾಗಲ್ಲ; ಅದರೊಳಗೆ 120 ಕಡತಗಳಿದ್ದು 83 ಇಳಿದು 37 ಬಾಕಿ ಇರಬಹುದು. ಈ ಅರೆಬರೆ ಸ್ಥಿತಿಯನ್ನು ಒಂದು ಪುಟ್ಟ ಮೋಡದಿಂದ ಹೇಳಲಾಗದು. ಒಂದೂ ಇಳಿಯದ ಫೋಲ್ಡರಿಗೂ ಮುಕ್ಕಾಲು ಇಳಿದ ಫೋಲ್ಡರಿಗೂ ಅದೇ ಮೋಡ. ಇದು ಗುಣಿಸಿ ಭಾಗಿಸುವ ಕಷ್ಟದ ಲೆಕ್ಕವೇನಲ್ಲ, 'ಇಲ್ಲಿ 83/120' ಎಂದು ಒಂದು ಕಾಲಂನಲ್ಲಿ ತೋರಿಸಿದರೆ ಸಾಕು. ಅಷ್ಟನ್ನೂ ಮಾಡದೆ ಬಣ್ಣದ ಚುಕ್ಕೆಯಲ್ಲೇ ಮುಗಿಸಿರುವುದು ಸೋಮಾರಿತನ ಎನ್ನದೆ ವಿಧಿಯಿಲ್ಲ. ಹಸಿರನ್ನು ಸರಿಯಾಗಿ ಗುರುತಿಸಲಾಗದ ಕಣ್ಣುಗಳೂ ಇವೆ ಎಂಬುದು ಬೇರೆ.

ಅಲ್ಲಿಯವರೆಗೆ ನಂಬಬಹುದಾದ ದಾರಿ ಪ್ರಾಪರ್ಟೀಸ್. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಅದನ್ನು ತೆರೆದರೆ 'ಸೈಜ್' ಮತ್ತು 'ಸೈಜ್ ಆನ್ ಡಿಸ್ಕ್' ಎಂಬ ಎರಡು ಸಾಲು ಸಿಗುತ್ತವೆ. ಮೊದಲನೆಯದು ಇರಬೇಕಾದದ್ದು, ಎರಡನೆಯದು ಇರುವುದು. ಸೈಜ್ 2.4 ಜಿಬಿ, ಡಿಸ್ಕ್‌ನಲ್ಲಿ 310 ಎಂಬಿ ಎಂದಿದ್ದರೆ ಬಹುಪಾಲು ಇನ್ನೂ ಇಳಿದಿಲ್ಲ. ಪೂರ್ತಿ ಇಳಿದ ಫೋಲ್ಡರಿನಲ್ಲಿ ಎರಡನೆಯ ಅಂಕಿ ಸಾಮಾನ್ಯವಾಗಿ ಮೊದಲನೆಯದಕ್ಕಿಂತ ತುಸು ಹೆಚ್ಚೇ ಇರುತ್ತದೆ, ಏಕೆಂದರೆ ಡಿಸ್ಕ್ ಪ್ರತಿ ಕಡತಕ್ಕೂ ಜಾಗವನ್ನು ಸಾಮಾನ್ಯವಾಗಿ 4 ಕೆಬಿಯ ತುಂಡುಗಳಲ್ಲಿ ಕೊಡುತ್ತದೆ. ಕೆಲವೇ ನೂರು ಬೈಟ್‌ಗಳ ಚಿಕ್ಕ ಕಡತ ಇಳಿದಿದ್ದರೂ ಡಿಸ್ಕ್‌ನಲ್ಲಿ 0 ಎಂದು ತೋರಬಹುದು. ಅದಕ್ಕೆ ಗಾಬರಿ ಬೇಡ. ಯಾವ ಕಡತ ಬಾಕಿ ಎಂದು ತಿಳಿಯಲು ಎಕ್ಸ್‌ಪ್ಲೋರರ್‌ನ ಡೀಟೇಲ್ಸ್ ನೋಟದಲ್ಲಿ ಕಾಲಂ ಶೀರ್ಷಿಕೆಯ ಮೇಲೆ ರೈಟ್ ಕ್ಲಿಕ್ ಮಾಡಿ 'ಅವೈಲಬಿಲಿಟಿ ಸ್ಟೇಟಸ್' ಸೇರಿಸಿಕೊಳ್ಳಬಹುದು. ಕೊನೆಯದಾಗಿ ಏರೋಪ್ಲೇನ್ ಮೋಡ್ ಹಾಕಿ, ತೀರಾ ಒಳಗಿನ ಉಪಫೋಲ್ಡರಿನ ಎರಡು ಮೂರು ದೊಡ್ಡ ಕಡತ ತೆರೆದು ನೋಡಿ. ಊರು ಬಿಡುವ ಮುನ್ನ ಇದನ್ನು ಮಾಡಬೇಕು, ಬಸ್ಸಿನಲ್ಲಿ ಕೂತಲ್ಲ.

ಇಂಥದ್ದೇ ಸೇವೆಯಾದ ಗೂಗಲ್ ಡ್ರೈವ್‌ನ ಕಂಪ್ಯೂಟರ್ ಆವೃತ್ತಿಯಲ್ಲಿ 'ಸ್ಟ್ರೀಮ್' (ಬೇಕಾದಾಗ ಮಾತ್ರ ಇಳಿಸುವ ಬಗೆ) ಆರಿಸಿದ್ದರೆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಆಫ್‌ಲೈನ್ ಆಕ್ಸೆಸ್' ಅಡಿಯಲ್ಲಿ 'ಅವೈಲಬಲ್ ಆಫ್‌ಲೈನ್' ಒತ್ತಬೇಕು. 'ಮಿರರ್' ಆರಿಸಿದ್ದರೆ 'ಮೈ ಡ್ರೈವ್'ನಲ್ಲಿರುವುದೆಲ್ಲ ಡಿಸ್ಕ್‌ನಲ್ಲೂ ಇರುತ್ತದೆ. ಇಲ್ಲೊಂದು ಎಡವುವ ಜಾಗ ಇದೆ. ಗೂಗಲ್ ಡಾಕ್ಸ್, ಶೀಟ್ಸ್‌ನಲ್ಲಿ ಬರೆದದ್ದು ಫೋಲ್ಡರಿನಲ್ಲಿ ಕಾಣುವುದು ಬರೀ ಕೊಂಡಿಯಾಗಿ. ಫೋಲ್ಡರಿಗೆ ಏನೇ ಗುರುತಿದ್ದರೂ, ಬ್ರೌಸರಿನಲ್ಲಿ ಡಾಕ್ಸ್‌ನ ಆಫ್‌ಲೈನ್ ಸೌಲಭ್ಯವನ್ನು ಪ್ರತ್ಯೇಕವಾಗಿ ಚಾಲೂ ಮಾಡದಿದ್ದರೆ ನೆಟ್ ಇಲ್ಲದಾಗ ಅವು ತೆರೆಯವು. ಆಪಲ್‌ನ ಮ್ಯಾಕ್ ಕಂಪ್ಯೂಟರಿನ ಐಕ್ಲೌಡ್‌ನಲ್ಲಂತೂ 'ಕೀಪ್ ಡೌನ್‌ಲೋಡೆಡ್' ಎಂಬ ಆಯ್ಕೆ ಬಂದದ್ದೇ 2024ರ ಸಿಕೋಯಾ ಆವೃತ್ತಿಯಲ್ಲಿ.

'ಫ್ರೀ ಅಪ್ ಸ್ಪೇಸ್' ಮತ್ತು 'ಡಿಲೀಟ್' ಒಂದೇ ಎಂದುಕೊಳ್ಳುವವರೂ ಕಡಿಮೆಯಿಲ್ಲ. ಮೋಡದ ಚಿಹ್ನೆಯ ಕಡತವನ್ನು ಹೇಗಿದ್ದರೂ ಇಲ್ಲಿಲ್ಲವಲ್ಲ ಎಂದು ಅಳಿಸಿದರೆ ಅದು ಸರ್ವರಿನಿಂದಲೂ, ಹಂಚಿಕೊಂಡವರ ಯಂತ್ರಗಳಿಂದಲೂ ಹೋಗುತ್ತದೆ. ಒನ್‌ಡ್ರೈವ್‌ನ ವೈಯಕ್ತಿಕ ಖಾತೆಯ ಕಸದ ಬುಟ್ಟಿಯಲ್ಲಿ ಅದು ಉಳಿಯುವುದು 30 ದಿನ. ಕಚೇರಿ, ಶಾಲೆಯ ಖಾತೆಗಳಲ್ಲಿ ಸಾಮಾನ್ಯವಾಗಿ 93 ದಿನ. ನಿಮ್ಮ ಅಂಕಣಕಾರರು ಜಾಗ ಉಳಿಸುವ ಸಲಹೆ ಕೊಡುವಾಗ ಇವೆರಡೂ ಒಂದೇ ಅಲ್ಲ ಎಂಬ ಒಂದು ಸಾಲನ್ನೂ ಸೇರಿಸಲಿ.

ಇನ್ನು ತಂತ್ರಾಂಶಗಳನ್ನು ಕನ್ನಡಕ್ಕೆ ತರುವವರಲ್ಲಿ ಒಂದು ಕೋರಿಕೆ. 'ಅವೈಲಬಲ್' ಎಂಬುದಕ್ಕೆ ಕಣ್ಣು ಮುಚ್ಚಿಕೊಂಡು 'ಲಭ್ಯ' ಎಂದು ಬರೆದರೆ, ಎಲ್ಲಿ ಲಭ್ಯ ಎಂಬ ಪ್ರಶ್ನೆ ಉಳಿದೇಬಿಡುತ್ತದೆ. ಮೂರು ಚಿಹ್ನೆಗಳಿಗೆ 'ನೆಟ್‌ನಲ್ಲಿದೆ', 'ಸದ್ಯ ಇಲ್ಲಿದೆ', 'ಇಲ್ಲೇ ಇರುತ್ತದೆ' ಎಂದರೆ ನಮ್ಮ ಊರಿನ ಜೆರಾಕ್ಸ್ ಅಂಗಡಿಯವರಿಗೂ ಅರ್ಥವಾದೀತು.

ಇಂತಿ,
ಕಂಪ್ಯೂಟರ್ ನಿರ್ವಹಣೆಯ ಕೆಲಸದವರು, ಸಾಗರ