‘ಸಿಂಪಲ್ ಆ್ಯಪ್’ ಅಂದರೆ ಎಷ್ಟು ಕೆಲಸ?

ಮಾನ್ಯರೇ,

‘ಸ್ವಿಗ್ಗಿ ಥರದ ಆ್ಯಪ್ ಬೇಕು. ಆಂಡ್ರಾಯ್ಡ್ ಸಾಕು. 10 ದಿನ, 20 ಸಾವಿರ. ಸಿಂಪಲ್ ಕೆಲಸ.’ ಫ್ರೀಲ್ಯಾನ್ಸ್ ಪ್ರೋಗ್ರಾಮರ್‌ಗಳಿಗೆ ಬರುವ ಬೇಡಿಕೆಗಳು ಹೆಚ್ಚಾಗಿ ಇಷ್ಟೇ ಉದ್ದ. ದುಡ್ಡಿನ ಮಾತು ಹಾಗಿರಲಿ, ಏನು ಬೇಕೆಂಬುದು ಬರೆದವರಿಗೇ ಸ್ಪಷ್ಟವಿರುವುದಿಲ್ಲ. ಸ್ವಿಗ್ಗಿ ಅಂದರೆ ಒಂದು ಆ್ಯಪ್ ಅಲ್ಲ. ಗ್ರಾಹಕರಿಗೊಂದು, ಹೋಟೆಲಿನವರಿಗೊಂದು, ಡೆಲಿವರಿ ಹುಡುಗರಿಗೊಂದು, ಜೊತೆಗೆ ಎಲ್ಲವನ್ನೂ ನಿಭಾಯಿಸುವ ಅಡ್ಮಿನ್ ಪುಟ. ದಿನಕ್ಕೆ 40 ಆರ್ಡರ್ ಬರುವ ಖಾನಾವಳಿಗೆ ವಾಟ್ಸ್‌ಆ್ಯಪ್ ಬಿಸಿನೆಸ್‌ನ ಕ್ಯಾಟಲಾಗೇ ಸಾಕಾಗಬಹುದು, ಅದೂ ಪುಕ್ಕಟೆ.

ಇನ್ನು 10 ದಿನದ ಗಡುವು. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಪ್ಲೇ ಸ್ಟೋರ್ ಖಾತೆಯಾದರೆ, ಕನಿಷ್ಠ 12 ಮಂದಿ ಸತತ 14 ದಿನ ಪರೀಕ್ಷಕರಾಗಿ ಇದ್ದ ಮೇಲಷ್ಟೇ ಆ್ಯಪ್ ಬಿಡುಗಡೆಗೆ ಅರ್ಜಿ ಹಾಕಬಹುದು. ಕೋಡ್ ಒಂದೇ ರಾತ್ರಿಯಲ್ಲಿ ಮುಗಿದರೂ ಈ ಲೆಕ್ಕ ಬದಲಾಗುವುದಿಲ್ಲ.

‘ಓಟಿಪಿ ಲಾಗಿನ್’ ಎಂದು ಎರಡೇ ಪದ ಬರೆದಿರುತ್ತಾರೆ. ಅದನ್ನು ಎಸ್‌ಎಂಎಸ್‌ನಲ್ಲಿ ಕಳಿಸಲು ಟೆಲಿಕಾಂ ಕಂಪನಿಯ ಡಿಎಲ್‌ಟಿ ಪೋರ್ಟಲ್‌ನಲ್ಲಿ (ವ್ಯಾಪಾರದ ಎಸ್‌ಎಂಎಸ್ ಕಳಿಸುವವರ ನೋಂದಣಿ ತಾಣ) ಮಾಲೀಕರ ದಾಖಲೆಗಳೊಂದಿಗೆ ನೋಂದಣಿಯಾಗಬೇಕು, ಹೆಡರ್ (ಕಳುಹಿಸುವವರ ಹೆಸರಾಗಿ ಕಾಣುವ ಸಂಕೇತ) ಮತ್ತು ಟೆಂಪ್ಲೇಟ್ (ಸಂದೇಶದ ಸಿದ್ಧ ಮಾದರಿ) ಎರಡಕ್ಕೂ ಒಪ್ಪಿಗೆ ಸಿಗಬೇಕು. ಒಪ್ಪಿಗೆ ಪಡೆದ ಟೆಂಪ್ಲೇಟಿಗೆ ಹೊಂದದ ಎಸ್‌ಎಂಎಸ್ ದಾರಿಯಲ್ಲೇ ಬಿದ್ದುಹೋಗುತ್ತದೆ. ಬೈಗುಳ ಮಾತ್ರ ಪ್ರೋಗ್ರಾಮರ್‌ಗೆ!

‘ಮೆನು ಕನ್ನಡದಲ್ಲಿರಲಿ’ ಎನ್ನುವುದು ನ್ಯಾಯವಾದ ಬೇಡಿಕೆಯೇ. ಆದರೆ ಕೈಗೆ ಬರುವ ಫೈಲು ಹಳೆಯ ನುಡಿ ಫಾಂಟಿನದು. ಅದರಲ್ಲಿರುವುದು ಲ್ಯಾಟಿನ್ ಅಕ್ಷರಗಳ ಸಂಕೇತ. ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತದೆ, ಫೋನಿನಲ್ಲಿ ಬರೀ ಗೋಜಲು. ಫೋನುಗಳು ಓದುವ ಯೂನಿಕೋಡ್ ಸಂಕೇತಕ್ಕೆ ಬದಲಿಸುವಾಗಲೂ ಎಡವಟ್ಟಾಗಬಹುದು. ‘ಕರ್ನಾಟಕ’ ಪದದ ಅರ್ಕಾವತ್ತು ನುಡಿಯಲ್ಲಿ ‘ನಾ’ ಆದ ಮೇಲೆ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮುಂಚೆಯೇ ಬರಬೇಕು. ಕನ್ವರ್ಟರ್ ಇದರಲ್ಲಿ ತಪ್ಪು ಮಾಡಿದರೆ ಸಾಲುಸಾಲಾಗಿ ಕಣ್ಣಿಟ್ಟು ತಿದ್ದಬೇಕು. 300 ತಿನಿಸುಗಳ ಪಟ್ಟಿಯಿದ್ದರೆ ಅದೇ ಒಂದು ಪ್ರತ್ಯೇಕ ಕೆಲಸ.

ಹಾಗಂತ ನೂರು ಪುಟದ ದಾಖಲೆಯನ್ನು ಯಾರೂ ಕೇಳುತ್ತಿಲ್ಲ. ಒಂದು ಪುಟ ಸಾಕು: ಯಾರು ಬಳಸುತ್ತಾರೆ, ದಿನಕ್ಕೆ ಎಷ್ಟು ಆರ್ಡರ್, ಪ್ಲೇ ಸ್ಟೋರ್ ಮತ್ತು (ಆನ್‌ಲೈನ್ ಹಣ ಪಡೆಯುವ) ಪೇಮೆಂಟ್ ಗೇಟ್‌ವೇ ಖಾತೆಗಳು ಯಾರ ಹೆಸರಿನಲ್ಲಿ, ಮಾಹಿತಿ ಯಾವ ರೂಪದಲ್ಲಿದೆ. ಕೊನೆಯದಕ್ಕೆ ವಿವರಣೆಗಿಂತ ನಿಜವಾದ 20 ಸಾಲುಗಳ ಮಾದರಿ ಕಳಿಸಿದರೆ ಲೇಸು. ಜೊತೆಗೆ, ಕೆಲಸ ಕೆಟ್ಟಾಗ ಏನಾಗಬೇಕೆಂದೂ ಬರೆಯಲಿ. ಯುಪಿಐನಲ್ಲಿ ಹಣ ಕಟ್ಟಾಗಿ ಆರ್ಡರ್ ದಾಖಲಾಗದಿದ್ದರೆ? ಅಡುಗೆ ಶುರುವಾದ ಮೇಲೆ ಗ್ರಾಹಕ ಬೇಡವೆಂದರೆ? ಇದನ್ನು ತೀರ್ಮಾನಿಸಬೇಕಾದವರು ಹೋಟೆಲಿನವರು, ಕೋಡ್ ಬರೆಯುವವರಲ್ಲ.

‘ಸಣ್ಣಪುಟ್ಟ ಬದಲಾವಣೆ ಫ್ರೀ’ ಎಂಬ ಸಾಲನ್ನಂತೂ ದಯವಿಟ್ಟು ತೆಗೆಯಿರಿ. ‘ಒಂದು ಕ್ಯಾನ್ಸಲ್ ಬಟನ್ ಹಾಕಿ’ ಎಂಬ ಸಣ್ಣ ಬದಲಾವಣೆಗೆ ರೀಫಂಡ್, ಅಡುಗೆಮನೆಗೆ ಸೂಚನೆ, ಡೆಲಿವರಿ ಹುಡುಗನ ಪರದೆ, ದಿನದ ಲೆಕ್ಕ ಎಲ್ಲವನ್ನೂ ಮುಟ್ಟಬೇಕು. ಎಸ್‌ಎಂಎಸ್ ಹೋಗಬೇಕೆಂದರೆ ಹೊಸ ಟೆಂಪ್ಲೇಟಿಗೆ ಮತ್ತೆ ಡಿಎಲ್‌ಟಿ ಬಾಗಿಲು ತಟ್ಟಬೇಕು.

– ಒಬ್ಬ ಫ್ರೀಲ್ಯಾನ್ಸ್ ಪ್ರೋಗ್ರಾಮರ್, ಮೈಸೂರು